ಯಂತ್ರ ತೊಳೆಯುವ ಮೂವತ್ತೈದು ನಿಮಿಷ

ಡಯಾಲಿಸಿಸ್ ಯಂತ್ರದಿಂದ ಒಬ್ಬ ರೋಗಿ ಎದ್ದು ಹೋಗಿ, ಅದೇ ಯಂತ್ರಕ್ಕೆ ಇನ್ನೊಬ್ಬರನ್ನು ಜೋಡಿಸುವ ನಡುವೆ ಒಂದು ಗಂಟೆ ಬೇಕು. ಈ ಒಂದು ಗಂಟೆಯನ್ನು ನಲವತ್ತು ನಿಮಿಷಕ್ಕೆ ಇಳಿಸಬೇಕೆಂದು ನಾನಿದ್ದ ಆಸ್ಪತ್ರೆಯಲ್ಲಿ ತೀರ್ಮಾನವಾಯಿತು. ಆಮೇಲೆ ಏನಾಯಿತು, ಅದರಲ್ಲಿ ನನ್ನ ಪಾಲೆಷ್ಟು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆಯವರ ತಪ್ಪನ್ನಷ್ಟೇ ಬರೆಯುವ ಹಾಗಿದ್ದರೆ ಇದನ್ನು ಎಂದೋ ಬರೆದು ಮುಗಿಸಿರುತ್ತಿದ್ದೆ.

ಆಸ್ಪತ್ರೆ ಇದ್ದದ್ದು ಹಲಸೂರಿಗೂ ಶಿವಾಜಿನಗರಕ್ಕೂ ನಡುವೆ. ಅದರ ಎರಡನೇ ಮಹಡಿಯಲ್ಲಿ ಡಯಾಲಿಸಿಸ್ ವಿಭಾಗ. ಹತ್ತು ಯಂತ್ರ, ಹತ್ತು ಹಾಸಿಗೆ. ನಾನು ಅಲ್ಲಿ ಟೆಕ್ನಿಷಿಯನ್. ಕೆ.ಆರ್. ಪುರದಿಂದ ಬೆಳಗಿನ ಮೊದಲ ಮೆಟ್ರೊ ಹಿಡಿದು ಹಲಸೂರಿನಲ್ಲಿ ಇಳಿದು, ಅಲ್ಲಿಂದ ಬಿರುಸಾಗಿ ನಡೆದರೆ ಆರಕ್ಕೆ ಸ್ವಲ್ಪ ಮುಂಚೆ ವಾರ್ಡಿನಲ್ಲಿರುತ್ತಿದ್ದೆ. ಆರೂವರೆಗೆ ಮೊದಲ ಪಾಳಿ.

ಕೆಲಸ ಹೀಗಿರುತ್ತದೆ. ಕಿಡ್ನಿ ಕೆಲಸ ನಿಲ್ಲಿಸಿದವರು ವಾರಕ್ಕೆ ಎರಡೋ ಮೂರೋ ಸಲ ಬಂದು ನಾಲ್ಕು ಗಂಟೆ ಮಲಗುತ್ತಾರೆ. ತೋಳಿಗೆ ಎರಡು ಸೂಜಿ ಚುಚ್ಚುತ್ತೇವೆ. ಒಂದರಿಂದ ರಕ್ತ ಹೊರಗೆ ಬಂದು, ಫಿಲ್ಟರಿನಲ್ಲಿ ಶುದ್ಧವಾಗಿ, ಇನ್ನೊಂದರಿಂದ ಒಳಗೆ ಹೋಗುತ್ತದೆ. ಮುಗಿದ ಮೇಲೆ ಸಲೈನ್ ಬಿಟ್ಟು ಕೊಳವೆಯಲ್ಲಿರುವ ರಕ್ತವನ್ನೆಲ್ಲ ರೋಗಿಯ ಮೈಗೆ ಹಿಂತಿರುಗಿಸಬೇಕು. ಸೂಜಿ ತೆಗೆದು ಹತ್ತು ನಿಮಿಷ ಒತ್ತಿ ಹಿಡಿಯಬೇಕು. ತೂಕ, ಬಿಪಿ ನೋಡಬೇಕು. ಆಮೇಲೆ ಯಂತ್ರವನ್ನು ಒರೆಸಿ ಬಿಸಿ ತೊಳೆತಕ್ಕೆ ಹಾಕಬೇಕು. ಯಂತ್ರ ಸಿಟ್ರಿಕ್ ಆಮ್ಲ ಎಳೆದುಕೊಂಡು, ಒಳಗೆ ರೋಗಾಣು ಬೆಳೆಯದಂತೆ ನೀರನ್ನು ಎಂಬತ್ತು ಡಿಗ್ರಿಗೂ ಮೇಲೆ ಕಾಯಿಸಿ, ತನ್ನ ಒಳಗಿನ ದಾರಿಗಳಲ್ಲೆಲ್ಲ ತಿರುಗಿಸಿ, ಮತ್ತೆ ತಣ್ಣಗಾಗುತ್ತದೆ. ಇದಕ್ಕೆ ಮೂವತ್ತೈದು ನಿಮಿಷ. ನಾವು ಇದನ್ನು ‘ಹೀಟ್’ ಎನ್ನುತ್ತಿದ್ದೆವು. ಪ್ರತಿ ರೋಗಿಯ ನಂತರವೂ ಹೀಟ್ ಹಾಕಬೇಕು, ದಿನವೆಲ್ಲ ಸುಮ್ಮನೆ ನಿಂತಿದ್ದ ಯಂತ್ರವಾದರೆ ಶುರು ಮಾಡುವ ಮೊದಲೂ ಹಾಕಬೇಕು ಎಂಬುದು ನಮ್ಮ ವಿಭಾಗದ ಲಿಖಿತ ಕ್ರಮ. ಅದಾದ ಮೇಲೆ ಹೊಸ ಕೊಳವೆ ಜೋಡಿಸಿ ಸಲೈನ್ ತುಂಬಿಸಲು ಇನ್ನೊಂದು ಕಾಲು ಗಂಟೆ.

ಹಿಂದೆ ದಿನಕ್ಕೆ ಎರಡು ಪಾಳಿ ಇತ್ತು. ಹೊಸದಾಗಿ ಬಂದ ಆಪರೇಷನ್ಸ್ ಮ್ಯಾನೇಜರ್ ಮೂರನೆಯದನ್ನು ಸೇರಿಸಿದರು. ಮೂವತ್ತೈದು ದಾಟದ ಮನುಷ್ಯ, ಮೆದು ಮಾತು, ಎಲ್ಲರಿಗೂ ‘ಮೇಡಂ’, ‘ಸರ್’. ಯಾರ ಮೇಲೂ ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಮೊದಲ ಮೀಟಿಂಗಿನಲ್ಲೇ ಅವರು ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದರು. ಆರೂವರೆ, ಹನ್ನೊಂದು ಹತ್ತು, ಮೂರು ಐವತ್ತು. ಮೂರು ಪಾಳಿ ಶುರುವಾಗುವ ಹೊತ್ತು. ನಡುವೆ ನಲವತ್ತು ನಲವತ್ತು ನಿಮಿಷ.

“ಪೇಷಂಟ್ಸ್ ಹೊರಗೆ ಕಾಯ್ತಾ ಇದಾರೆ. ವೆಯ್ಟಿಂಗ್ ಲಿಸ್ಟಲ್ಲಿ ಇಪ್ಪತ್ತು ಜನ ಇದಾರೆ. ಅವರ ಬಗ್ಗೆ ಯೋಚನೆ ಮಾಡಿ” ಎಂದರು. ಅದು ಸುಳ್ಳೂ ಆಗಿರಲಿಲ್ಲ.

ಮೂರನೇ ಪಾಳಿ ಬಂತು, ಜನ ಹೆಚ್ಚಲಿಲ್ಲ. ಒಬ್ಬ ಟೆಕ್ನಿಷಿಯನ್ ಎರಡೇ ತಿಂಗಳಲ್ಲಿ ಕೆಲಸ ಬಿಟ್ಟ. ಅವನ ಜಾಗಕ್ಕೆ ಯಾರೂ ಬರಲಿಲ್ಲ. ಮೂರು ಜನ ನೋಡುತ್ತಿದ್ದ ಹತ್ತು ಯಂತ್ರಗಳನ್ನು ಇಬ್ಬರು ನೋಡಬೇಕಾಯಿತು. ವಾರದಲ್ಲಿ ಆರು ದಿನ ಬೆಳಿಗ್ಗೆ ಆರರಿಂದ ಸಂಜೆ ಎಂಟರವರೆಗೆ ಡ್ಯೂಟಿ. ನೀರಿನ ಘಟಕದ ಹಿಂದೆ ನಿಂತೇ ಊಟ. ನೀರು ಕುಡಿದರೆ ಶೌಚಕ್ಕೆ ಹೋಗಬೇಕಾಗುತ್ತದೆಂದು ಕುಡಿಯುವುದನ್ನೇ ಕಡಿಮೆ ಮಾಡಿದೆ. ಕಿಡ್ನಿ ಕೆಟ್ಟವರನ್ನು ನೋಡಿಕೊಳ್ಳುವ ನನಗೇ ಉರಿಮೂತ್ರ ಶುರುವಾಗಿ, ಅದೇ ಆಸ್ಪತ್ರೆಯಲ್ಲಿ ಮಾತ್ರೆ ಬರೆಸಿಕೊಂಡೆ. ರಜೆ ಕೇಳಿದರೆ ಮ್ಯಾನೇಜರ್ ಇಲ್ಲ ಎನ್ನುತ್ತಿರಲಿಲ್ಲ. “ನಿಮ್ಮ ಬದಲು ಯಾರು ಬರ್ತಾರೆ ಅಂತ ನೀವೇ ಹೇಳ್ಬಿಡಿ ಮೇಡಂ” ಎನ್ನುತ್ತಿದ್ದರು. ಬರುವವರು ಯಾರೂ ಇರಲಿಲ್ಲವಾದ್ದರಿಂದ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಇನ್ನೊಂದು, ಪಟ್ಟಿ. ಪ್ರತಿ ಸಂಜೆ ವಾಟ್ಸಾಪ್ ಗುಂಪಿನಲ್ಲಿ ಮ್ಯಾನೇಜರ್ ಒಂದು ಪಟ್ಟಿ ಹಾಕುತ್ತಿದ್ದರು. ಯಾರ ಯಂತ್ರ ಎಷ್ಟು ನಿಮಿಷದಲ್ಲಿ ಮುಂದಿನ ರೋಗಿಗೆ ಸಿದ್ಧವಾಯಿತು ಎಂಬ ಲೆಕ್ಕ. ನಲವತ್ತರ ಒಳಗಿದ್ದರೆ ಹೆಸರು ಹಸಿರು, ಮೀರಿದರೆ ಕೆಂಪು. ಕೆಳಗೆ ಒಂದು ಸಾಲು: ‘ನಲವತ್ತು ಮೀರಬಾರದು. ಕಾರಣ ಬೇಡ.’

ನನ್ನ ಹೆಸರು ಸದಾ ಹಸಿರು.

ಮೊದಲ ವಾರ ಹಾಗಿರಲಿಲ್ಲ. ನಾನೂ ಕೆಂಪಾಗಿದ್ದೆ. ಆಮೇಲೆ ದಾರಿ ಕಂಡುಕೊಂಡೆ. ಯಂತ್ರದಲ್ಲಿ ಬರೀ ತಣ್ಣೀರಿನಲ್ಲಿ ತೊಳೆಯುವ ಇನ್ನೊಂದು ಗುಂಡಿ ಇದೆ, ಎಂಟು ನಿಮಿಷದ್ದು. ಮೊದಮೊದಲು ಐದು ಯಂತ್ರಗಳಲ್ಲಿ ಒಂದಕ್ಕೆ ಮಾತ್ರ ಹಾಗೆ ಮಾಡಿದೆ, ಅದೂ ತೀರಾ ತಡವಾದ ದಿನ. ಆಮೇಲೆ ಎರಡಕ್ಕೆ. ಆಮೇಲೆ ಮಧ್ಯಾಹ್ನ ತಣ್ಣೀರು, ಸಂಜೆ ಕೊನೆಗೊಮ್ಮೆ ಹೀಟ್ ಎಂದು ನನಗೆ ನಾನೇ ಒಂದು ಕ್ರಮ ಮಾಡಿಕೊಂಡೆ. ಪ್ರತಿ ತೊಳೆತವನ್ನೂ ದಾಖಲಿಸುವ ಶೀಟಿನಲ್ಲಿ ಮಾತ್ರ ಪ್ರತಿ ಸಲವೂ ‘ಹೀಟ್ ಆಗಿದೆ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಮ್ಯಾನೇಜರ್ ಹೀಗೆ ಮಾಡೆಂದು ಒಂದು ದಿನವೂ ಹೇಳಲಿಲ್ಲ. ಹೇಗೆ ಮಾಡಿದೆ ಎಂದೂ ಕೇಳಲಿಲ್ಲ. ಮೂರು ತಿಂಗಳಾದ ಮೇಲೆ ನನಗೆ ಒಳ್ಳೆಯ ಉದ್ಯೋಗಿ ಎಂಬ ಪ್ರಮಾಣಪತ್ರ ಕೊಟ್ಟರು. ಅದನ್ನು ಮನೆಗೆ ತಂದು ಗೋಡೆಗೆ ಹಾಕಿದ್ದೆ ಎಂಬುದನ್ನೂ ಹೇಳಬೇಕು. ನನಗೆ ಅದರಿಂದ ಖುಷಿಯೇ ಆಗಿತ್ತು.

ಕೆಂಪು ಹೆಸರು ಆಪಾದು. ನನ್ನ ಜೊತೆಯ ಟೆಕ್ನಿಷಿಯನ್, ಐವತ್ತರ ಹತ್ತಿರದವರು. ಮನೆ ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ನರ್ಸುಗಳಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ಅವರನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಎಂದೇ ಕರೆಯುತ್ತಿದ್ದರು. ಒಂದರಿಂದ ಐದರವರೆಗಿನ ಯಂತ್ರ ಅವರದು, ಆರರಿಂದ ಹತ್ತು ನನ್ನದು. ನನಗೆ ಸೂಜಿ ಹಾಕಲು ಕೈ ಕೂರಿಸಿದವರು ಅವರೇ. ಆದರೆ ಸಿಡುಕು ಸ್ವಭಾವ. ಪಟ್ಟಿ ಬರಲು ಶುರುವಾದ ಮೇಲೆ ನನ್ನನ್ನು ‘ಗ್ರೀನ್ ಮೇಡಂ’ ಎಂದು ಕರೆಯತೊಡಗಿದರು.

“ಗ್ರೀನ್ ಮೇಡಂಗೆ ನನ್ನ ಜೊತೆ ಮಾತಾಡೋಕೆ ಟೈಮ್ ಎಲ್ಲಿ?” ಎಂದು ಒಂದು ದಿನ ನರ್ಸುಗಳ ಎದುರಿಗೇ ಹೇಳಿದರು. ನಾನೂ ಬಿಡಲಿಲ್ಲ. “ನಿಮ್ಮಿಂದ ನನ್ನ ಪೇಷಂಟ್ಸೂ ಕಾಯ್ಬೇಕು ಆಪಾ” ಎಂದೆ. ಅಂದಿನಿಂದ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ನಾನು ಹೇಳಬೇಕಾದ ವಾರ ಒಂದು ಶನಿವಾರ ಶುರುವಾಯಿತು. ಎಂಟೂಕಾಲಿನ ಒಳಗೆ ಎಲ್ಲರೂ ಹಾಜರಿಯ ಯಂತ್ರಕ್ಕೆ ಬೆರಳೊತ್ತಿ ಹೊರಡಬೇಕೆಂದು ಆ ವಾರವಷ್ಟೇ ಹೊಸ ಆದೇಶ ಬಂದಿತ್ತು. ಮೀರಿದರೆ ಬರವಣಿಗೆಯಲ್ಲಿ ಕಾರಣ ಕೊಡಬೇಕು. ನನ್ನ ಏಳು ಮತ್ತು ಎಂಟನೇ ಯಂತ್ರದ ರೋಗಿಗಳು ಮುಗಿಸಿದಾಗ ಎಂಟು ಗಂಟೆ. ಹೀಟ್ ಹಾಕಿದರೆ ಎಂಟೂಮುಕ್ಕಾಲು. ತಣ್ಣೀರಿನ ಗುಂಡಿ ಒತ್ತಿ, ಎಂಟು ನಿಮಿಷ ಕಾದು, ಯಂತ್ರ ಆರಿಸಿ ಹೊರಟೆ. ಆಪಾ ಹೊರಡಲಿಲ್ಲ. ಅವರಿಗೆ ತಮ್ಮ ಯಂತ್ರಗಳ ಜೊತೆಗೆ, ಎಲ್ಲ ಯಂತ್ರಗಳಿಗೂ ನೀರು ಹೋಗುವ ಕೊಳವೆ ಸಾಲಿಗೆ ಔಷಧಿ ಹಾಕಿ ತೊಳೆಯುವ ಕೆಲಸವೂ ಇತ್ತು. ಭಾನುವಾರ ವಿಭಾಗಕ್ಕೆ ರಜ. ಯಂತ್ರಗಳು ಸುಮ್ಮನೆ ನಿಂತಿದ್ದವು.

ಸೋಮವಾರ ಬೆಳಿಗ್ಗೆ ನಾನು ಬಂದಾಗ ಆಪಾ ನೀರಿನ ನಲ್ಲಿಗಳ ಮುಂದೆ ಇದ್ದರು. ಶನಿವಾರದ ಔಷಧಿ ಎಲ್ಲಾದರೂ ಉಳಿದಿದೆಯೇ ಎಂದು ನೋಡಲು ಒಂದೊಂದು ನಲ್ಲಿಯ ನೀರಿಗೂ ಒಂದೊಂದು ಕಾಗದದ ಪಟ್ಟಿ ಅದ್ದಿ, ಬಣ್ಣ ನೋಡಿ, ಮುಂದಕ್ಕೆ ಹೋಗುತ್ತಿದ್ದರು. ಹತ್ತು ನಲ್ಲಿ, ಹತ್ತು ಪಟ್ಟಿ. ಅವರು ಮುಗಿಸುವವರೆಗೆ ನಾನು ಯಂತ್ರಕ್ಕೆ ನೀರು ಬಿಡುವಂತಿರಲಿಲ್ಲ. ಗಡಿಯಾರ ನೋಡುತ್ತಾ ನಿಂತೆ. ನನಗೆ ಸಿಟ್ಟು ಬಂದಿತ್ತು. ಅವರು ಸರಿದ ಕೂಡಲೇ, ಒಂದೂವರೆ ದಿನ ನಿಂತಿದ್ದ ಏಳು, ಎಂಟನೇ ಯಂತ್ರಗಳಿಗೆ ಮತ್ತೆ ತಣ್ಣೀರಿನ ಗುಂಡಿ ಒತ್ತಿದೆ. ಶೀಟಿನಲ್ಲಿ ಎಂದಿನಂತೆ ‘ಹೀಟ್ ಆಗಿದೆ’ ಎಂದು ಬರೆದೆ.

ಏಳನೇ ಯಂತ್ರದ ರೋಗಿ ಹಲಸೂರಿನ ಒಬ್ಬ ಟೈಲರ್. ತಮಿಳು ಮನೆಮಾತಿನವರು, ಎಪ್ಪತ್ತು ದಾಟಿದವರು. ಶಾಲಾ ಮಕ್ಕಳ ಸಮವಸ್ತ್ರ ಹೊಲಿದೇ ಎರಡು ಮನೆ ಸಾಕಿದವರು. ನನ್ನನ್ನು ಸಿಸ್ಟರ್ ಎನ್ನದೆ ‘ಅಮ್ಮಾ’ ಎನ್ನುತ್ತಿದ್ದರು. ನನ್ನ ಯೂನಿಫಾರಂನ ಭುಜ ಸರಿಯಾಗಿ ಕೂತಿಲ್ಲ ಎಂದು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ಎಂಟನೇ ಯಂತ್ರದ ಹಾಸಿಗೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿದ್ದರು.

ಶುರು ಮಾಡಿ ಮುಕ್ಕಾಲು ಗಂಟೆ ಆಗಿರಬಹುದು. ಟೈಲರ್ ಕೈ ಎತ್ತಿ ಕರೆದರು.

“ಅಮ್ಮಾ, ಎಸಿ ಕಮ್ಮಿ ಮಾಡ್ತೀಯಾ? ಚಳಿ ಆಗ್ತಿದೆ.”

ಹೊದಿಕೆ ಹೊದಿಸಿದೆ. ಎರಡು ನಿಮಿಷದಲ್ಲಿ ಅವರ ಹಲ್ಲು ಕಟಕಟ ಎನ್ನತೊಡಗಿತು. ಆಮೇಲೆ ಇಡೀ ಮಂಚ ನಡುಗಿತು. “ಕುಳಿರುದಮ್ಮಾ, ಕುಳಿರುದು” ಎಂದು ಅವರು ತಮ್ಮ ಭಾಷೆಗೆ ಹೋಗಿಬಿಟ್ಟರು. ಜ್ವರ ನೂರಾ ಮೂರು, ಬಿಪಿ ಎಂಬತ್ತಕ್ಕೆ ಇಳಿದಿತ್ತು. ನಾನು ಪಂಪ್ ನಿಲ್ಲಿಸಿದೆ. ಡಾಕ್ಟರಿಗೆ ಫೋನ್ ಮಾಡಲು ನರ್ಸಿಗೆ ಹೇಳಿದೆ. ಅಷ್ಟರಲ್ಲಿ ಎಂಟನೇ ಹಾಸಿಗೆಯ ಶಿಕ್ಷಕಿ, “ನನಗೂ ಯಾಕೋ ಮೈ ನಡುಗ್ತಾ ಇದೆ” ಎಂದರು.

ಆಪಾ ತಮ್ಮ ಸಾಲನ್ನು ನರ್ಸಿಗೆ ಒಪ್ಪಿಸಿ ಓಡಿ ಬಂದರು. ನಾನು ಅಭ್ಯಾಸಬಲದಿಂದ ರಕ್ತ ಹಿಂತಿರುಗಿಸಲು ಸಲೈನಿಗೆ ಕೈ ಹಾಕಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದರು.

“ವಾಪಸ್ ಕೊಡ್ಬೇಡ. ಈ ರಕ್ತದಲ್ಲಿ ಏನಿದ್ಯೋ ಗೊತ್ತಿಲ್ಲ. ಕ್ಲ್ಯಾಂಪ್ ಹಾಕು, ಬಿಸಾಕು.”

ಹಾಗೆಯೇ ಮಾಡಿದೆ. ಕೊಳವೆಯಲ್ಲಿದ್ದ ರಕ್ತವೆಲ್ಲ ಹೋಯಿತು. ಮೊದಲೇ ರಕ್ತ ಕಡಿಮೆ ಇದ್ದ ಮನುಷ್ಯ. ಡಾಕ್ಟರ್ ಬಂದು, ಪರೀಕ್ಷೆಗೆ ರಕ್ತ ತೆಗೆಸಿ, ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಾಕಿ, ಟೈಲರನ್ನು ಐಸಿಯುಗೆ ಕಳಿಸಿದರು. ಶಿಕ್ಷಕಿಗೆ ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿಯಿತು. ಉಳಿದ ಎಂಟು ಜನರಿಗೆ ಏನೂ ಆಗಲಿಲ್ಲ. ಡಾಕ್ಟರ್ ಎಲ್ಲ ಯಂತ್ರಗಳನ್ನೂ ನಿಲ್ಲಿಸಲು ಹೇಳಿ, ನೀರಿನ ಮಾದರಿಯನ್ನು ಪರೀಕ್ಷೆಗೆ ಕಳಿಸಿದರು. ಅಂದಿನ ಉಳಿದ ರೋಗಿಗಳನ್ನು ಬೇರೆ ಕೇಂದ್ರಗಳಿಗೆ ಹಂಚಿದರು.

ನನಗೆ ಆಗಲೇ ಗೊತ್ತಿತ್ತು. ಏಳು ಮತ್ತು ಎಂಟು. ಬೇರೆ ಯಾವುದೂ ಅಲ್ಲ.

ಆದರೂ ಅಂದು ಬಾಯಿ ಬಿಡಲಿಲ್ಲ. ರಿಪೋರ್ಟ್ ಬರಲಿ, ನೋಡೋಣ ಅಂದುಕೊಂಡೆ. ಮರುದಿನ ಮಂಗಳವಾರ ಮಧ್ಯಾಹ್ನ ಮ್ಯಾನೇಜರ್ ತಮ್ಮ ಕೋಣೆಗೆ ಕರೆಸಿ, ಕುರ್ಚಿ ತೋರಿಸಿ, ಒಂದು ಹಾಳೆ ಮುಂದಿಟ್ಟರು. ತಪಾಸಣೆಯ ಕರಡು ವರದಿ. ಶನಿವಾರ ಸಂಜೆ ನೀರಿನ ಕೊಳವೆಗೆ ಔಷಧಿ ಹಾಕಿದ ಸಿಬ್ಬಂದಿ ಅದನ್ನು ಪೂರ್ತಿ ತೊಳೆದಿಲ್ಲ, ಸೋಮವಾರ ಪಟ್ಟಿ ಅದ್ದಿ ಪರೀಕ್ಷಿಸಿಯೂ ಇಲ್ಲ ಎಂದು ಅದರಲ್ಲಿತ್ತು. ಆಪಾ ಹೆಸರಿನ ಮುಂದೆ, ‘ಪದೇ ಪದೇ ವಿಳಂಬ, ಹಲವು ಬಾರಿ ಎಚ್ಚರಿಕೆ ನೀಡಲಾಗಿದೆ’ ಎಂದಿತ್ತು. ಕೆಳಗೆ ಪ್ರತ್ಯಕ್ಷ ಕಂಡವರು ಎಂಬ ಜಾಗದಲ್ಲಿ ನನ್ನ ಹೆಸರು, ಸಹಿಗೆ ಖಾಲಿ ಗೆರೆ.

“ನಿಮ್ಮ ಮೇಲೆ ಏನೂ ಬರ್ದಿಲ್ಲ ಮೇಡಂ. ನೀವು ನಮ್ಮ ಬೆಸ್ಟ್ ಟೆಕ್ನಿಷಿಯನ್” ಎಂದರು. “ಮುಂದಿನ ತಿಂಗಳಿಂದ ಯೂನಿಟ್ ಇನ್‌ಚಾರ್ಜ್ ನಿಮ್ಮನ್ನೇ ಮಾಡೋಣ ಅಂತ ಇದೀವಿ.”

“ಸರ್, ಆಪಾ ಪಟ್ಟಿ ಅದ್ದಿದ್ನ ನಾನು ನೋಡಿದೀನಿ.”

“ಹತ್ತಕ್ಕೆ ಹತ್ತೂ ನೋಡಿದ್ರಾ? ನಿಂತ್ಕೊಂಡು ಎಣಿಸಿದ್ರಾ?”

ನಾನು ಸಹಿಯ ಖಾಲಿ ಗೆರೆಯನ್ನೇ ನೋಡಿದೆ.

“ನೋಡಿ, ಶೂರ್ ಇಲ್ಲ ಅಲ್ವಾ. ನಾಳೆ ಹನ್ನೊಂದಕ್ಕೆ ಮೀಟಿಂಗ್ ಇದೆ. ಅಷ್ಟರಲ್ಲಿ ಸೈನ್ ಮಾಡಿ ಕೊಡಿ. ಆರಾಮಾಗಿ ಯೋಚನೆ ಮಾಡಿ.”

ನಾನು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ. ಅಂದೂ ಯಂತ್ರಗಳು ನಿಂತೇ ಇದ್ದವು, ಕೊಳವೆ ಸಾಲು ಮತ್ತೆ ತೊಳೆದು ಬುಧವಾರ ಶುರು ಮಾಡುವುದೆಂದಿತ್ತು. ನಾಲ್ಕು ಗಂಟೆಗೆ ಆಪಾ ಹೊರಟಾಗ ಹಿಂದೆಯೇ ಹೋದೆ. ಅವರು ತಿರುಗಿ ನೋಡದೆ ಶಿವಾಜಿನಗರದವರೆಗೂ ನಡೆದರು. ರಸೆಲ್ ಮಾರ್ಕೆಟ್ಟಿನ ಮುಂದೆ ಪುದೀನ ಮಾರುವವಳ ಹತ್ತಿರ ನಿಂತು, ಕಟ್ಟುಗಳನ್ನು ಆರಿಸುತ್ತಾ, ನನ್ನ ಕಡೆ ನೋಡದೆಯೇ ಕೇಳಿದರು.

“ಕ್ಯಾ ಹೋನಾ? ಯಾಕೆ ಬಂದೆ ನನ್ನ ಹಿಂದೆ?”

“ಆಪಾ, ಶನಿವಾರ ನಾನು ಏಳಕ್ಕೆ, ಎಂಟಕ್ಕೆ ಹೀಟ್ ಹಾಕ್ಲಿಲ್ಲ. ಸೋಮವಾರನೂ ಹಾಕ್ಲಿಲ್ಲ.”

“ಗೊತ್ತು.”

“ಗೊತ್ತಾ?”

“ಹೀಟ್ ಹಾಕಿದ ಮಷೀನ್ ಹತ್ರ ನಿಂತ್ರೆ ಕಾಲಿಗೆ ಬಿಸಿ ಬರತ್ತೆ. ನಿನ್ನ ಮಷೀನ್ ಎಷ್ಟೋ ದಿನದಿಂದ ತಣ್ಣಗೇ ಇರತ್ತೆ.” ಪುದೀನ ಚೀಲಕ್ಕೆ ಹಾಕಿಕೊಂಡರು. “ನನಗೆ ನಿನ್ನ ಮೇಲೆ ಕೋಪ ಇತ್ತು. ಹೇಳಿದ್ರೆ ಹೊಟ್ಟೆಕಿಚ್ಚು ಅಂತೀಯ ಅಂತ ಸುಮ್ಮನಿದ್ದೆ. ಅದು ನನ್ನ ತಪ್ಪು. ಪೇಷಂಟ್ ಏನು ಮಾಡಿದ್ದ?”

ನಾನು ಹಾಳೆ ತೆಗೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಜನರ ನೂಕುನುಗ್ಗಲಿನ ನಡುವೆಯೇ ನಿಂತು ಪೂರ್ತಿ ಓದಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಮಡಚಿ ವಾಪಸ್ ಕೊಟ್ಟರು.

“ಏನು ಮಾಡ್ಲಿ ಆಪಾ?”

“ನನ್ನ ಕೇಳ್ಬೇಡ. ನಾನು ಹೇಳಿದ್ರೆ ನನಗೋಸ್ಕರ ಹೇಳಿದ ಹಾಗೆ ಆಗತ್ತೆ.” ಅಷ್ಟು ಹೇಳಿ ಗಲ್ಲಿಯೊಳಗೆ ಹೋದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ನಮ್ಮಿಬ್ಬರ ಊರೂ ಯಾದಗಿರಿ ಕಡೆ. ಅವರು ಮಹದೇವಪುರದಲ್ಲಿ ಕಬ್ಬಿಣದ ಗೇಟು, ಕಿಟಕಿ ಮಾಡುವ ಶೆಡ್ಡಿನಲ್ಲಿ ವೆಲ್ಡರ್. ಚಹಾ ಕುಡಿಯುತ್ತಾ ಎಲ್ಲ ಕೇಳಿಸಿಕೊಂಡರು.

“ಸಹಿ ಮಾಡಬ್ಯಾಡ. ಅದು ಸುಳ್ಳು ಅದ” ಎಂದರು. “ಖರೆ, ನಿಂದೂ ಹೇಳಬ್ಯಾಡ. ರಿಪೋರ್ಟ್ ಬರಲಿ. ನೀರಿಂದ ಅಲ್ಲಂತ ಗೊತ್ತಾದ್ರ ಆಪಾ ತಾನಾಗೇ ಬಚಾವ್ ಆಗ್ತಾಳ. ನೀ ಯಾಕ ಮುಂದ ಬಿದ್ದು ಕುತ್ತಿಗಿ ಕೊಡ್ತಿ?”

ನನ್ನ ಮನಸ್ಸಿನಲ್ಲೂ ಅದೇ ಇತ್ತು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಸ್ವಲ್ಪ ಹಗುರವೂ ಆಯಿತು. ಅವರು ಲೋಟ ತೊಳೆದು ಇಟ್ಟು ಬಂದು ಕೇಳಿದರು. “ಆ ಅಜ್ಜ ಹ್ಯಾಂಗ್ ಅದಾರ ಈಗ?”

“ಜ್ವರ ಬಿಟ್ಟದ. ಬಿಪಿಗೆ ಇನ್ನಾ ಔಷಧಿ ನಡದದ.”

“ಮತ್ತ ಅವರಿಗೆ ಡಯಾಲಿಸಿಸ್ ಯಾವಾಗ?”

“ನಾಳಿ ಮಾಡ್ಬೇಕು.”

“ಯಾವ ಮಷೀನ್ ಮ್ಯಾಲೆ?”

ಡಾಕ್ಟರಿಗೆ ಯಾವ ಯಂತ್ರ ಹೇಗಿದೆ ಎಂಬುದು ಗೊತ್ತಿಲ್ಲ. ಶೀಟಿನಲ್ಲಿ ಹತ್ತೂ ಯಂತ್ರಗಳಿಗೆ ಹೀಟ್ ಆಗಿದೆ. ನಾನು ಬರೆದದ್ದನ್ನು ನಂಬಿಯೇ ಅವರು ನಾಳೆ ಇನ್ನೊಬ್ಬರನ್ನು ಮಲಗಿಸುತ್ತಾರೆ. ನೀರಿನ ವರದಿ ಬರಲು ಇನ್ನೂ ದಿನಗಳಿದ್ದವು. ಅಷ್ಟರವರೆಗೆ ಎಲ್ಲರೂ ಕೊಳವೆ ಸಾಲನ್ನೇ ತೊಳೆಯುತ್ತಿರುತ್ತಾರೆ. ಆಪಾ ಕೆಲಸ ಉಳಿಯುವುದು ಬಿಡುವುದು ಒಂದು ಮಾತಾದರೆ, ಇದು ಬೇರೆಯೇ ಮಾತು. ಅಲ್ಲಿಗೆ ನನ್ನ ತೀರ್ಮಾನ ಆಯಿತು. ಧೈರ್ಯ ಬಂತು ಎಂದು ಹೇಳಲಾರೆ. ಬೇರೆ ದಾರಿ ಉಳಿದಿರಲಿಲ್ಲ.

ಬುಧವಾರ ಬೆಳಿಗ್ಗೆ ಮೀಟಿಂಗಿಗೆ ಕಾಯದೆ, ಡಾಕ್ಟರ್ ವಾರ್ಡಿಗೆ ಬಂದ ಕೂಡಲೇ ಹೋಗಿ, ಟೈಲರನ್ನಾಗಲಿ ಬೇರೆ ಯಾರನ್ನಾಗಲಿ ನನ್ನ ಸಾಲಿನ ಯಾವ ಯಂತ್ರಕ್ಕೂ ಹಾಕಬೇಡಿ, ಕಾರಣವನ್ನು ಮೀಟಿಂಗಿನಲ್ಲಿ ಹೇಳುತ್ತೇನೆ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಈಗಲೇ ಹೇಳಿ” ಎಂದರು. ಹೇಳಿದೆ. “ಹನ್ನೊಂದಕ್ಕೆ ಇದನ್ನೇ ಹೇಳಿ” ಎಂದಷ್ಟೇ ಹೇಳಿ ಟೈಲರನ್ನು ಮೂರನೇ ಯಂತ್ರಕ್ಕೆ ಬರೆದರು. ಅದು ಆಪಾದು.

ಮೀಟಿಂಗಿನಲ್ಲಿ ಡಾಕ್ಟರ್, ಮ್ಯಾನೇಜರ್, ಎಚ್.ಆರ್.ನ ಒಬ್ಬ ಹೆಣ್ಣುಮಗಳು, ಆಪಾ, ನಾನು. ಮ್ಯಾನೇಜರ್ ಕರಡನ್ನು ಓದಿದರು. ಓದಿ ಮುಗಿಸಿ ನನ್ನ ಕಡೆ ನೋಡಿದರು.

“ಇದಕ್ಕೆ ನಾನು ಸಹಿ ಹಾಕಲ್ಲ ಸರ್” ಎಂದೆ. “ಆಪಾ ಹತ್ತೂ ನಲ್ಲಿಗೆ ಪಟ್ಟಿ ಅದ್ದಿದ್ನ ನಾನು ಪೂರ್ತಿ ನೋಡಿದೀನಿ. ಯಾಕಂದ್ರೆ ಅವರು ಬೇಗ ಮುಗಿಸಲ್ಲ ಅಂತ ಸಿಟ್ಟು ಮಾಡ್ಕೊಂಡು ಅಲ್ಲೇ ನಿಂತಿದ್ದೆ. ನಡುಕ ಬಂದಿದ್ದು ನನ್ನ ಎರಡು ಮಷೀನಲ್ಲಿ ಮಾತ್ರ. ಆ ಎರಡಕ್ಕೂ ನಾನು ಹೀಟ್ ಹಾಕಿರ್ಲಿಲ್ಲ. ಶೀಟಲ್ಲಿ ಸುಳ್ಳು ಬರ್ದಿದೀನಿ.”

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿದರು.

“ಮೇಡಂ, ಪ್ರೆಶರಲ್ಲಿ ಮಾತಾಡ್ತಾ ಇದೀರ. ಯೋಚನೆ ಮಾಡಿ.”

“ಮಷೀನಲ್ಲೇ ಇದೆ ಸರ್. ಪ್ರತಿ ತೊಳೆತದ ತಾರೀಖು, ಹೊತ್ತು ಅದೇ ಇಟ್ಕೊಂಡಿರತ್ತೆ. ಬಂದು ನೋಡಿ.”

ಡಾಕ್ಟರ್ ಎದ್ದರು. ಎಲ್ಲರೂ ವಾರ್ಡಿಗೆ ಹೋದೆವು. ಏಳನೇ ಯಂತ್ರದ ಪರದೆಯಲ್ಲಿ ಹಳೆಯ ದಾಖಲೆಯ ಪುಟ ತೆರೆದೆ. ಕೊನೆಯ ಹೀಟ್ ಹಿಂದಿನ ಶುಕ್ರವಾರ ಸಂಜೆ. ಅಲ್ಲಿಂದೀಚೆಗೆ ಎಲ್ಲವೂ ತಣ್ಣೀರು. ಎಂಟನೆಯದರಲ್ಲೂ ಹಾಗೆಯೇ. ಆರು, ಒಂಬತ್ತು, ಹತ್ತರಲ್ಲಿ ಶನಿವಾರ ಸಂಜೆ ಒಮ್ಮೆ ಇತ್ತು. ಅವುಗಳ ರೋಗಿಗಳು ಬೇಗ ಮುಗಿಸಿದ್ದರು. ಡಾಕ್ಟರ್ ಆಪಾರ ಯಂತ್ರಗಳನ್ನೂ ನೋಡಿದರು. ಐದರಲ್ಲೂ ದಿನಕ್ಕೆ ಮೂರು ಮೂರು, ಒಂದೂ ತಪ್ಪಿರಲಿಲ್ಲ. ನನ್ನ ಸಹಿ ಇರುವ ಶೀಟನ್ನು ಪರದೆಯ ಪಕ್ಕ ಹಿಡಿದು ಅವರು ಒಂದೊಂದೇ ಸಾಲು ಓದಿದರು.

“ಹೀಟ್ ಹಾಕ್ಬೇಡಿ ಅಂತ ನಾನು ಯಾವತ್ತಾದ್ರೂ ಹೇಳಿದೀನಾ?” ಎಂದು ಮ್ಯಾನೇಜರ್ ಕೇಳಿದರು. ದನಿ ಆಗಲೂ ಏರಲಿಲ್ಲ. “ಎಲ್ಲಾದ್ರೂ ಬರ್ದಿದೀನಾ? ತೋರಿಸಿ.”

“ಇಲ್ಲ ಸರ್. ನೀವು ಹೇಳಿಲ್ಲ.”

“ಅಷ್ಟೇ ನಾನು ಕೇಳಿದ್ದು.”

ಆಗ ಆಪಾ ಮೊದಲ ಸಲ ಬಾಯಿ ತೆರೆದರು. ಮ್ಯಾನೇಜರ್ ಕಡೆ ನೋಡದೆ, ಡಾಕ್ಟರಿಗೆ ಹೇಳಿದರು. “ಸೂಜಿ ತೆಗ್ದು ಒತ್ತಿ ಹಿಡಿಯೋಕೆ ಹತ್ತು. ಹೀಟ್ ಮೂವತ್ತೈದು. ಹೊಸ ಲೈನ್ ತುಂಬ್ಸೋಕೆ ಹದಿನೈದು. ನಲವತ್ತರಲ್ಲಿ ಹೇಗೆ ಮಾಡೋದು ಅಂತ ಸರ್ ಒಂದು ಸಲ ಮಾಡಿ ತೋರಿಸ್ಲಿ. ನಾನೂ ಕಲಿತೀನಿ.”

ಎಚ್.ಆರ್. ಹೆಣ್ಣುಮಗಳು ಬರೆಯುತ್ತಿದ್ದವರು ನಿಲ್ಲಿಸಿ ಮ್ಯಾನೇಜರ್ ಮುಖ ನೋಡಿದರು. ಡಾಕ್ಟರ್ ಶೀಟನ್ನು ಮಡಚಿ ಜೇಬಿಗಿಟ್ಟುಕೊಂಡು, “ಇವತ್ತಿಂದ ಎರಡೇ ಪಾಳಿ. ನಡುವೆ ಒಂದು ಗಂಟೆ. ಮೇಲಿನವರ ಹತ್ರ ನಾನು ಮಾತಾಡ್ತೀನಿ” ಎಂದರು.

ಮುಂದಿನದು ಚುಟುಕಾಗಿ ಹೇಳಬಹುದು. ನೀರಿನ ವರದಿ ಶುದ್ಧವಾಗಿ ಬಂತು. ನನ್ನ ಯಂತ್ರವೇ ಕಾರಣ ಎಂದು ಯಾರೂ ಖಚಿತವಾಗಿ ಬರೆಯಲಿಲ್ಲ, ಅಲ್ಲವೆಂದೂ ಬರೆಯಲಿಲ್ಲ. ನನಗೆ ಮೆಮೊ ಬಂತು, ಎರಡು ವಾರ ಅಮಾನತು. ಮೆಮೊದಲ್ಲಿ ಇದ್ದದ್ದೆಲ್ಲ ನಿಜವಾಗಿತ್ತು. ನಲವತ್ತು ನಿಮಿಷದ ಆದೇಶದ ಬಗ್ಗೆ ಮಾತ್ರ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅದಕ್ಕೆ ಉತ್ತರವಾಗಿ ನಾನು ತಪ್ಪೊಪ್ಪಿಕೊಂಡು, ಆಪಾ ಹೇಳಿದ ಲೆಕ್ಕವನ್ನೇ ನಾಲ್ಕು ಸಾಲಿನಲ್ಲಿ ಬರೆದು ಕೊಟ್ಟೆ. ಮ್ಯಾನೇಜರ್ ಅಲ್ಲೇ ಉಳಿದರು. ವಾಟ್ಸಾಪ್ ಪಟ್ಟಿ ನಿಂತಿತು. ಗೋಡೆಯ ಪ್ರಮಾಣಪತ್ರವನ್ನು ನಾನೇ ತೆಗೆದೆ.

ಅಮಾನತು ಮುಗಿಸಿ ಬಂದ ದಿನ ಟೈಲರ್ ಹಾಸಿಗೆಯ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಬಹಳ ತೆಳ್ಳಗಾಗಿದ್ದರು. ಕೇಳುತ್ತಾ ಕೇಳುತ್ತಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

“ನಾನು ಹೊಲಿಗೆ ಬಿಚ್ಚಿದ್ರೆ ಇನ್ನೊಂದ್ ಸಲ ಹೊಲೀಬಹುದು” ಎಂದರು ಕೊನೆಗೆ. “ಇದು ಹಂಗಲ್ಲ ಅಲ್ವಾ.”

“ಅಲ್ಲ.”

“ಆ ಆಪಾನ ಕರಿ. ಸೂಜಿ ಅವರು ಹಾಕ್ಲಿ.”

ಕರೆದೆ. ಅಂದಿನಿಂದ ನಾನು ಅಲ್ಲಿ ಇರುವವರೆಗೂ ಅವರಿಗೆ ಸೂಜಿ ಹಾಕಿದ್ದು ಆಪಾನೇ. ನನ್ನನ್ನು ಅವರು ಮತ್ತೆ ಅಮ್ಮಾ ಎನ್ನಲಿಲ್ಲ. ಸಿಸ್ಟರ್ ಎನ್ನುತ್ತಿದ್ದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಪಾ ಮತ್ತು ನಾನು ಮೊದಲಿನ ಸ್ನೇಹಕ್ಕೆ ಮರಳಿದೆವು ಎಂದೇನಿಲ್ಲ. ನನ್ನ ಯಂತ್ರದ ಮುಂದೆ ಹಾದುಹೋಗುವಾಗ ಅವರು ಒಂದು ಕ್ಷಣ ನಿಂತು, ಬಿಸಿ ಬರುತ್ತಿದೆಯೇ ಎಂದು ನೋಡಿ ಮುಂದೆ ಹೋಗುತ್ತಿದ್ದರು. ನನಗೆ ಅದರಿಂದ ಬೇಸರವಾಗಲಿಲ್ಲ.

ಐದು ತಿಂಗಳ ನಂತರ ಕೆ.ಆರ್. ಪುರದ ಕಡೆಯೇ ಒಂದು ಚಿಕ್ಕ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಹಿಂದಿನ ಕೆಲಸದ ಬಗ್ಗೆ ಕೇಳಿದಾಗ ಮೆಮೊವನ್ನೇ ತೋರಿಸಿದೆ. ಅವರು ಒಂದು ವಾರ ಯೋಚಿಸಿ ಕರೆದರು. ಹಳೆಯ ಆಸ್ಪತ್ರೆಯಲ್ಲಿ ನನ್ನ ಜಾಗಕ್ಕೆ ಬಂದವರು ನನಗಿಂತ ದೊಡ್ಡವರು, ಬೇರೆ ಎರಡು ಕಡೆ ದುಡಿದು ಬಂದ ಅನುಭವಿ. ಕೊನೆಯ ದಿನ ಅವರಿಗೆ ನನ್ನ ಐದು ಯಂತ್ರಗಳನ್ನು ಒಪ್ಪಿಸುತ್ತಿದ್ದೆ. ಮೊದಲ ಪಾಳಿ ಮುಗಿದಿತ್ತು. ಏಳನೇ ಯಂತ್ರಕ್ಕೆ ಹೀಟ್ ಹಾಕಿದೆ. ಪರದೆಯ ಮೇಲೆ ಮೂವತ್ತೈದು ಎಂದು ಬಂತು.

ಅವರು ಹೊರಗೆ ಕಾಯುತ್ತಿದ್ದ ರೋಗಿಗಳನ್ನು ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು.

“ಇದನ್ನ ಬೇಗ ಮುಗಿಸೋಕೆ ಏನಾದ್ರೂ ದಾರಿ ಇದ್ಯಾ ಮೇಡಂ? ನೀವು ತುಂಬಾ ಫಾಸ್ಟ್ ಇದ್ರಿ ಅಂತ ಕೇಳಿದೀನಿ.”

“ದಾರಿ ಇದೆ” ಎಂದೆ. “ಕೂತ್ಕೊಳ್ಳಿ, ಹೇಳ್ತೀನಿ.”

ಅವರು ಸ್ಟೂಲ್ ಎಳೆದುಕೊಂಡು ಕುಳಿತರು. ನಾನು ಶನಿವಾರ ಸಂಜೆಯಿಂದ ಶುರು ಮಾಡಿ, ಟೈಲರ್ ಮುಖ ತಿರುಗಿಸಿಕೊಂಡದ್ದರವರೆಗೆ ಒಂದೂ ಬಿಡದೆ ಹೇಳಿದೆ. ಹೇಳಿ ಮುಗಿಸಿದಾಗ ಯಂತ್ರ ಇನ್ನೂ ಬಿಸಿಯಾಗಿಯೇ ಇತ್ತು. ಇಬ್ಬರೂ ಅದು ತಣ್ಣಗಾಗುವವರೆಗೆ ಕಾದೆವು.